ಪವನ ವಿದ್ಯುತ್ ಯೋಜನೆ: ಊರವರ ಜೊತೆ ಮಾತು ಜಮೀನಿಗೆ ಮುಂಚೆಯೋ, ಆಮೇಲೋ?

ಗಾಳಿಲೆಕ್ಕ:
ಗದಗ ಜಿಲ್ಲೆಯ ಎರೆ ಭೂಮಿಯಲ್ಲಿ 51 ಮೆಗಾವ್ಯಾಟ್ ಯೋಜನೆಯ ಪ್ರಸ್ತಾವವಿದೆ. 3 ಮೆಗಾವ್ಯಾಟಿನ 17 ಯಂತ್ರಗಳು, ನಾಲ್ಕು ಊರಿನ ಸೀಮೆ. ಮಾಸ್ಟ್ (ಎತ್ತರದ ಅಳತೆ ಕಂಬ) ಹಾಕಿ ಗಾಳಿ ಅಳೆಯುವುದು ಮುಗಿಯುತ್ತಾ ಬಂದಿದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯವಲ್ಲ. ಜಮೀನು ಕೈಗೆ ಬಂದ ಮೇಲೆ ಪಂಚಾಯಿತಿಗೆ ಹೇಳಿದರಾಯಿತು ಅನ್ನುವುದು ನಮ್ಮ ಕಂಪನಿಯ ಮೇಲಿನವರ ಯೋಚನೆ. ಸರಿಯಾ? ಮೊದಲೇ ಸಭೆ ಮಾಡುವುದಾದರೆ ಏನು ಹಿಡಿದುಕೊಂಡು ಹೋಗಬೇಕು?

ಮೈಕ್ರೋಸೈಟಿಂಗ್:
ಕಡ್ಡಾಯವಲ್ಲ ನಿಜ. ಆದರೆ ಜಮೀನಿಗೆ ಮೊದಲು ಇಳಿಯುವವರು ದಲ್ಲಾಳಿಗಳು. ಒಬ್ಬನಿಗೆ ಒಂದು ರೇಟು, ಪಕ್ಕದವನಿಗೆ ಇನ್ನೊಂದು ರೇಟು ಅಂತ ಒಮ್ಮೆ ಊರಲ್ಲಿ ಹಬ್ಬಿದರೆ ಆಮೇಲೆ ನೀವು ಯಾವ ನಕ್ಷೆ ತಂದರೂ ಯಾರೂ ನೋಡುವುದಿಲ್ಲ. ಕರಡು ವಿನ್ಯಾಸ ಇನ್ನೂ ಬದಲಾಯಿಸಲು ಸಾಧ್ಯ ಇರುವಾಗಲೇ ಹೋಗಿ.

ಗ್ರಾಮ ನಕ್ಷೆಯ ಮೇಲೆ ಸರ್ವೆ ನಂಬರ್ ಸಮೇತ ಯಂತ್ರದ ಜಾಗ, ದಾರಿ, 33 ಕೆವಿ (ಕಿಲೋವೋಲ್ಟ್) ವಿದ್ಯುತ್ ಲೈನು, ಸಬ್‌ಸ್ಟೇಷನ್, ಎಲ್ಲವನ್ನೂ ಗುರುತಿಸಿ. ಬರೀ ಯಂತ್ರದ ಚುಕ್ಕೆ ತೋರಿಸಿದರೆ ಸಾಲದು. ತಕರಾರು ಬರುವುದು ಹೆಚ್ಚಾಗಿ ದಾರಿ ಮತ್ತು ಲೈನಿನಿಂದ. ವಾಸದ ಮನೆಗಳಿಂದ 500 ಮೀಟರ್ ಅಂತರ ಕೇಂದ್ರದ 2016ರ ಮಾರ್ಗಸೂಚಿಯಲ್ಲಿದೆ. ಅದನ್ನು ಊರ ಗಾವಠಾಣದಿಂದ (ಮನೆಗಳು ಕೂಡಿರುವ ಜಾಗ) ಅಳೆದು ಸುಮ್ಮನಾಗಬೇಡಿ, ಹೊಲದಲ್ಲಿರುವ ಒಂಟಿ ಮನೆಗಳನ್ನು ಜಿಪಿಎಸ್ ಹಿಡಿದು ಎಣಿಸಿ. ವಸತಿ ಪ್ರದೇಶಕ್ಕೆ ರಾತ್ರಿ ಶಬ್ದದ ಮಿತಿ 45 ಡೆಸಿಬಲ್. ಒಂದೇ ಯಂತ್ರವಾದರೆ ಆ ದೂರದಲ್ಲಿ ಸಾಮಾನ್ಯವಾಗಿ ಮಿತಿಯೊಳಗೇ ಇರುತ್ತದೆ. ಸಮ ದೂರದಲ್ಲಿ ಎರಡು ಬಂದರೆ 3 ಡೆಸಿಬಲ್ ಏರುತ್ತದೆ. ಯಂತ್ರದ ಪೂರ್ವ, ಪಶ್ಚಿಮಕ್ಕಿರುವ ಮನೆಗಳಿಗೆ ರೆಕ್ಕೆ ನೆರಳಿನ ಮಿಣುಕು ಬೆಳಗ್ಗೆ, ಸಂಜೆ ಎಷ್ಟು ಹೊತ್ತು ಬೀಳುತ್ತದೆ ಅಂತ ಮನೆವಾರು ಲೆಕ್ಕ ಕೊಡಿ.

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಆ ಗಡಿಯನ್ನು ಮೊದಲ ದಿನವೇ ನಕ್ಷೆಯ ಮೇಲೆ ಎಳೆದಿಡಿ.

ಪಹಣಿ ಪುರಾಣ:
ಜಮೀನಿನ ವಿಷಯಕ್ಕೆ ಬರೋಣ. ಅರ್ಧ ಪಹಣಿಗಳು ಇನ್ನೂ ತೀರಿಕೊಂಡ ಅಜ್ಜನ ಹೆಸರಲ್ಲೇ ಇರುತ್ತವೆ. ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗದೆ, ಹೆಣ್ಣುಮಕ್ಕಳೂ ಸೇರಿ ಎಲ್ಲ ವಾರಸುದಾರರ ಸಹಿ ಇಲ್ಲದೆ ಮಾಡಿಕೊಂಡ ಒಪ್ಪಂದ ಕೋರ್ಟಿನ ತಡೆಯಾಜ್ಞೆಗೆ ದಾರಿ. ಸರ್ವೆ ನಂಬರಿನ ಒಂದು ತುಂಡನ್ನಷ್ಟೇ ಕೊಳ್ಳುವುದಾದರೆ 11ಇ ನಕ್ಷೆ (ಆ ತುಂಡನ್ನು ಅಳೆದು ಗುರುತಿಸಿದ ಸರ್ವೆ ನಕ್ಷೆ) ಬೇಕು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಿಗೆ 1978ರ ಪಿಟಿಸಿಎಲ್ ಕಾಯ್ದೆ (ಇಂಥ ಜಮೀನಿನ ಪರಭಾರೆ ನಿಷೇಧ ಕಾಯ್ದೆ) ಅನ್ವಯಿಸುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಾಟ ಅಷ್ಟೇ ಅಲ್ಲ, ಲೀಸ್ ಕೂಡ ಊರ್ಜಿತವಲ್ಲ. 2023ರ ತಿದ್ದುಪಡಿಯ ನಂತರ ಇಂಥ ಜಮೀನು ವಾಪಸ್ ಕೇಳಲು ಕಾಲಮಿತಿಯೂ ಇಲ್ಲ. ಈಗಿನ ಉತಾರ (ಪಹಣಿ) ನೋಡಿದರೆ ಇದು ತಿಳಿಯುವುದಿಲ್ಲ, ಮೂಲ ಮಂಜೂರಾತಿ ಕಡತ ತೆಗೆಸಿ.

ಎರೆಹೊಲ:
ಕೆಲಸದ ಕಾಲ ಯಾವುದು ಅಂತ ಯಾರೂ ಹೇಳಲಿಲ್ಲ. ಜೂನಿನಲ್ಲಿ ಹೆಸರು ಬಿತ್ತುತ್ತಾರೆ, ಹಿಂಗಾರಿಗೆ ಕಡಲೆ, ಬಿಳಿಜೋಳ. ಕಡಲೆ ಕಿತ್ತ ಮೇಲೆ ಫೆಬ್ರವರಿಯಿಂದ ಮೇ ವರೆಗೆ ಹೊಲ ಖಾಲಿ. ದಾರಿ, ಪಾಯ, ಕ್ರೇನ್ ಕೆಲಸವನ್ನು ಅಷ್ಟರಲ್ಲೇ ಮುಗಿಸುವ ಹಾಗೆ ಯೋಜಿಸಿ. ಮಳೆ ಬಿದ್ದ ಮೇಲೆ ಎರೆ ಮಣ್ಣಿನಲ್ಲಿ ಟ್ರೇಲರ್ ಹೂತುಕೊಳ್ಳುತ್ತದೆ, ಪಕ್ಕದ ಬೆಳೆ ತುಳಿದು ಹೊಸ ದಾರಿ ಹುಟ್ಟುತ್ತದೆ, ಜಗಳವೂ ಹುಟ್ಟುತ್ತದೆ. ಮೇಲಾಗಿ ಜೂನ್‌ನಿಂದ ಸೆಪ್ಟೆಂಬರ್ ಗಾಳಿಯ ಕಾಲ, ರೆಕ್ಕೆ ಎತ್ತಲಿಕ್ಕೂ ಕ್ರೇನ್ ಕಾಯುತ್ತಾ ನಿಲ್ಲಬೇಕು.

ಇನ್ನೊಂದು, ನೀರು. ಗರಸು (ಕಲ್ಲುಮಿಶ್ರಿತ ಮಣ್ಣು) ಸುರಿದು ಏರಿಸಿದ ದಾರಿ ಒಡ್ಡಿನ ಹಾಗೆ ನಿಂತು ಮೇಲಿನ ಹೊಲದಲ್ಲಿ ನೀರು ನಿಲ್ಲಿಸುತ್ತದೆ. ಒಡೆದರೆ ಕೆಳಗಿನವನ ಬದು ಕೊಚ್ಚಿಕೊಂಡು ಹೋಗುತ್ತದೆ. ನೀರು ಎಲ್ಲಿ ಹರಿಯುತ್ತದೆ ಅಂತ ರೈತರನ್ನೇ ಕರೆದುಕೊಂಡು ನಡೆದು ನೋಡಿ, ಅಲ್ಲೆಲ್ಲ ಪೈಪ್ ಮೋರಿ ಹಾಕಿ. ಪಾಯ ತೋಡುವಾಗ ಮೇಲಿನ ಎರೆ ಮಣ್ಣನ್ನು ಬೇರೆ ರಾಶಿ ಹಾಕದಿದ್ದರೆ ಕೆಳಗಿನ ಗರಸು ಹೊಲದ ಮೇಲೆ ಹರಡುತ್ತದೆ. ಆ ತುಂಡು ಆಮೇಲೆ ಬೆಳೆಯುವುದಿಲ್ಲ.

ಗಾಳಿಲೆಕ್ಕ:
ಉಪಯುಕ್ತ. ಊರಿಗೇನು ಲಾಭ ಅಂತ ಕೇಳಿದರೆ ಕಂಪನಿಯ ಸಾಮಾಜಿಕ ಹೊಣೆಯ ಹಣ, ಅಂದರೆ ಸಿಎಸ್‌ಆರ್ ಅನ್ನಬಹುದಾ?

ಮೈಕ್ರೋಸೈಟಿಂಗ್:
ಅದನ್ನು ನಂಬಿಸಬೇಡಿ. ಸಿಎಸ್‌ಆರ್ ಕಡ್ಡಾಯವಾಗುವುದು ಹಿಂದಿನ ವರ್ಷ 5 ಕೋಟಿ ನಿವ್ವಳ ಲಾಭ, 500 ಕೋಟಿ ನೆಟ್‌ವರ್ತ್ ಅಥವಾ 1000 ಕೋಟಿ ವಹಿವಾಟು ಇದ್ದ ಕಂಪನಿಗೆ. ಯೋಜನೆಗೆಂದೇ ಹುಟ್ಟುಹಾಕಿದ ಕಂಪನಿ ಬಡ್ಡಿ, ಸವಕಳಿ ಕಳೆದು ಮೊದಲ ಕೆಲವು ವರ್ಷ ನಷ್ಟವನ್ನೇ ತೋರಿಸಬಹುದು. ಊರವರು ಕಾಯುತ್ತಾ ಕೂರುತ್ತಾರೆ. ಪ್ರತಿ ಮೆಗಾವ್ಯಾಟಿಗೆ ವರ್ಷಕ್ಕೆ ಇಷ್ಟು ಅಂತ ಯೋಜನಾ ವೆಚ್ಚದಲ್ಲೇ ಸೇರಿಸಿ ಪಂಚಾಯಿತಿ ಜೊತೆ ಬರವಣಿಗೆಯಲ್ಲಿ ಮಾಡಿಕೊಳ್ಳಿ. ಯಂತ್ರದ ಆಯುಷ್ಯ ಮುಗಿದ ಮೇಲೆ ಬಿಚ್ಚಿ ಒಯ್ಯುವವರು ಯಾರು, ಪಾಯವನ್ನು ನೆಲಮಟ್ಟದಿಂದ ಎಷ್ಟು ಆಳದವರೆಗೆ ಒಡೆಯಬೇಕು, ಅದಕ್ಕೆ ಬ್ಯಾಂಕ್ ಗ್ಯಾರಂಟಿ ಎಷ್ಟು, ಇವೂ ಅದರಲ್ಲೇ ಇರಲಿ.

ಪಹಣಿ ಪುರಾಣ:
ಲೈನಿನ ಪರಿಹಾರವನ್ನೂ ಸೇರಿಸಿ. ಕೇಂದ್ರದ 2024ರ ಮಾರ್ಗಸೂಚಿಯ ಪರಿಹಾರ 66 ಕೆವಿ ಮತ್ತು ಅದಕ್ಕೂ ಮೇಲಿನ ಟವರ್ ಲೈನಿಗೆ ಮಾತ್ರ. ನಿಮ್ಮ 33 ಕೆವಿ ಕಂಬಗಳು ಅದರಲ್ಲಿ ಬರುವುದಿಲ್ಲ. ಕಂಬಕ್ಕಿಷ್ಟು, ತಂತಿ ಹಾಯುವ ಮೀಟರಿಗಿಷ್ಟು ಅಂತ ಒಂದೇ ದರಪಟ್ಟಿ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿ, ದಲ್ಲಾಳಿಗಳಿಗೆ ಕೆಲಸವೇ ಉಳಿಯುವುದಿಲ್ಲ.