ಪದಚರ್ಚೆ: ಅರ್ಮೇನಿಯಾದ ‘ಗವಿತ್’ಗೆ ನವರಂಗ ಎನ್ನಬಹುದೇ? ಜೊತೆಗೆ ಮಠ, ಇಗರ್ಜಿ, ಬಲಿಪೀಠ, ಶಿಲುಬೆಗಲ್ಲು

ಬಳಗದ ಎಲ್ಲರಿಗೂ ನಮಸ್ಕಾರ.

ಅರ್ಮೇನಿಯಾಕ್ಕೆ ಹೊರಟಿರುವ ಕನ್ನಡಿಗರ ಒಂದು ಗುಂಪಿಗಾಗಿ ನಾಲ್ಕು ಪುಟದ ಕೈಪಿಡಿ ಬರೆಯುತ್ತಿದ್ದೇನೆ. ಗುಂಪಿನಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಬೇಲೂರು, ಹಳೇಬೀಡು, ಬಾದಾಮಿ, ಮೂಡಬಿದಿರೆಗಳನ್ನು ಚೆನ್ನಾಗಿ ನೋಡಿಕೊಂಡವರು. ರಾಜಧಾನಿ ಯೆರೆವಾನ್‌ನಿಂದ ಬೆಳಿಗ್ಗೆ ಬಸ್ಸು ಹತ್ತಿ, ಉತ್ತರದ ಲೋರಿ ಪ್ರಾಂತದ ಅಖ್ತಾಲಾ, ಹಗ್‌ಪಾತ್, ಸನಾಹಿನ್ ಎಂಬ ಮೂರು ಹಳೆಯ ಮಠಗಳನ್ನು ನೋಡಿ ರಾತ್ರಿ ಮರಳುವ ಪ್ರವಾಸ ಅದು. ಗೈಡ್ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಅವರ ಮಾತಿನ ಜೊತೆಗೆ ಕೈಯಲ್ಲೊಂದು ಕನ್ನಡದ ಬರಹ ಇರಲಿ ಎಂಬುದು ಆಸೆ. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ನನ್ನ ನಿಲುವನ್ನೂ ಹೇಳುತ್ತೇನೆ: ಕಟ್ಟಡದ ಭಾಗಗಳಿಗೆ ನಮ್ಮ ದೇಗುಲಗಳಲ್ಲಿ, ಶಾಸನಗಳಲ್ಲಿ ಒಳ್ಳೆಯ ಪದಗಳಿವೆ. ಕೆಲಸ ಹೊಂದಿದರೆ ಅವನ್ನೇ ಬಳಸೋಣ. ರೂಪ ಮಾತ್ರ ಹೊಂದಿ ಕೆಲಸ ಬೇರೆಯಾದರೆ ಅರ್ಮೇನಿಯನ್ ಹೆಸರನ್ನೇ ಉಳಿಸಿಕೊಳ್ಳೋಣ.

ಮೊದಲು ‘ಮಠ’. ಅರ್ಮೇನಿಯನ್ನರು ಇದಕ್ಕೆ ‘ವಾಂಕ್’ ಎನ್ನುತ್ತಾರೆ. ನೋರವಾಂಕ್ ಎಂದರೆ ಹೊಸಮಠ. ವಿಹಾರ ಎಂದರೆ ಓದುಗರ ಮನಸ್ಸು ಬುದ್ಧನ ಕಡೆಗೆ ಹೋಗುತ್ತದೆ, ಬಸದಿ ಎಂದರೆ ಜಿನನ ಕಡೆಗೆ. ಆಶ್ರಮ ಎಂದರೆ ಎಲೆಮನೆ ಕಣ್ಣ ಮುಂದೆ ಬರುತ್ತದೆ, ಇಲ್ಲಿರುವುದು ಕರಿಗಲ್ಲಿನ ಕೋಟೆಯಂಥ ಕಟ್ಟಡ. ಹಾಗಾಗಿ ಮಠವೇ ಸರಿ. ‘ಮಠ ಅಂದರೆ ಈಗಲೂ ಸ್ವಾಮಿಗಳಿರುವ ಜಾಗವಲ್ಲವೇ’ ಎಂದು ಒಬ್ಬ ಗೆಳೆಯರು ಆಕ್ಷೇಪಿಸಿದ್ದರು. ಸನಾಹಿನ್‌ನಲ್ಲಿ ಹಿಂದಿನಂತೆ ಸನ್ಯಾಸಿಗಳ ಬಳಗ ಇಲ್ಲ ಎಂಬುದು ನಿಜ. ಆದರೆ ಶಾಸನಗಳ ‘ಮಠ’ ಪೀಠಕ್ಕಷ್ಟೇ ಸೀಮಿತವಾದ ಪದವಲ್ಲ. ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನವನ್ನು ನೆನಪಿಸಿಕೊಳ್ಳಿ: ಅಲ್ಲಿ ವೇದಪಾಠವಿತ್ತು, ಕೌಮಾರ ಪಾಣಿನೀಯ ಶಾಕಟಾಯನ ವ್ಯಾಕರಣಗಳ ಪಾಠವಿತ್ತು, ಕುರುಡರಿಗೆ ಕುಂಟರಿಗೆ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು. ಸನಾಹಿನ್ ಕೂಡ ಅಂಥ ವಿದ್ಯೆಯ ನೆಲೆ. ಅಲ್ಲಿನ ಎರಡು ಚರ್ಚುಗಳ ನಡುವಿನ ಕಿರಿದಾದ ಕಮಾನು ಓಣಿಯನ್ನು ಇಂದಿಗೂ 11ನೆಯ ಶತಮಾನದ ವಿದ್ವಾಂಸ ಗ್ರಿಗೋರ್ ಮಾಗಿಸ್ತ್ರೋಸನ ಪಾಠಶಾಲೆ ಎಂದು ತೋರಿಸುತ್ತಾರೆ. ಶಿಷ್ಯರು ಇಕ್ಕೆಲದ ಕಲ್ಲಿನ ಜಗಲಿಯ ಮೇಲೆ ಕೂರುತ್ತಿದ್ದರಂತೆ, ಗುರು ನಡುವೆ ನಡೆದಾಡುತ್ತ ಹೇಳಿಕೊಡುತ್ತಿದ್ದನಂತೆ. ಇದನ್ನು ಮಠ ಎನ್ನದೆ ಬೇರೇನೆನ್ನುವುದು?

ಅದೇ ಸನಾಹಿನ್‌ನಲ್ಲಿ 1063ರಲ್ಲಿ ಕಟ್ಟಿದ ಪುಸ್ತಕದ ಕೋಣೆಯಿದೆ. ಗೋಡೆಯ ಉದ್ದಕ್ಕೂ ಕಮಾನಿನ ಗೂಡುಗಳು, ಹಸ್ತಪ್ರತಿ ಇಡಲು. ‘ಗ್ರಂಥಾಲಯ’ ಎಂದರೆ ತಪ್ಪಿಲ್ಲ, ಆದರೆ ತಾಲ್ಲೂಕು ಲೈಬ್ರರಿಯ ಕಬ್ಬಿಣದ ಕಪಾಟು ನೆನಪಾಗುತ್ತದೆ. ಕಲಬುರಗಿ ಜಿಲ್ಲೆಯ ನಾಗಾವಿಯ ಘಟಿಕಾಸ್ಥಾನದ, ಅಂದರೆ ಅಂದಿನ ವಿದ್ಯಾಕೇಂದ್ರದ, 1058ರ ಶಾಸನದಲ್ಲಿ ಪುಸ್ತಕ ನೋಡಿಕೊಳ್ಳುವವರನ್ನು ‘ಸರಸ್ವತೀ ಭಂಡಾರಿಗ’ರು ಎಂದು ಕರೆದಿದೆ. ಸನಾಹಿನ್‌ನ ಕೋಣೆಗಿಂತ ಬರೀ ಐದು ವರ್ಷ ಮುಂಚಿನ ಮಾತು! ಕ್ರೈಸ್ತ ಮಠಕ್ಕೆ ಸರಸ್ವತಿಯ ಹೆಸರು ಹೊಂದದು, ಅದಕ್ಕೇ ‘ಪುಸ್ತಕ ಭಂಡಾರ’ ಎಂದು ಬರೆದಿದ್ದೇನೆ. ನಾಗಾವಿಯ ವಿಷಯವನ್ನು ಒಂದು ಸಾಲಿನಲ್ಲಿ ಸೇರಿಸಿದ್ದೇನೆ. ಹಗ್‌ಪಾತ್‌ನ ಪುಸ್ತಕ ಭಂಡಾರದ ನೆಲದಲ್ಲಿ ಕುತ್ತಿಗೆವರೆಗೆ ಹೂತ ದೊಡ್ಡ ಮಣ್ಣಿನ ಪಾತ್ರೆಗಳಿವೆ. ಮುಂದೆ ಆ ಕೋಣೆ ಉಗ್ರಾಣವಾಯಿತು. ಅವಕ್ಕೆ ‘ಗುಡಾಣ’ ಎಂಬ ಪದ ತಾನಾಗಿ ಒದಗಿತು. ಅದರ ಬಗ್ಗೆ ಪ್ರಶ್ನೆಯಿಲ್ಲ.

‘ಚರ್ಚು’ ಎಂಬುದಕ್ಕೆ ಏನು ಬಳಸಬೇಕು? ಬೆಂಗಳೂರು ಮೈಸೂರು ಕಡೆಯವರಿಗೆ ಚರ್ಚು ಸಾಕು. ನಮ್ಮ ಕ್ಯಾಥೊಲಿಕರು ‘ದೇವಾಲಯ’ ಎನ್ನುತ್ತಾರೆ, ಇಲ್ಲಿ ಅದು ಗೊಂದಲ ತರುತ್ತದೆ. ಕರಾವಳಿಯವರ ‘ಇಗರ್ಜಿ’ ನನಗೆ ತುಂಬ ಇಷ್ಟ. ಅದಕ್ಕೆ ಕಾರಣವೂ ಉಂಟು. ಗ್ರೀಕಿನಲ್ಲಿ ‘ಎಕ್ಲೇಸಿಯಾ’ ಎಂದರೆ ಕರೆದು ಸೇರಿಸಿದ ಜನರ ಕೂಟ, ಸಭೆ. ಅದು ಲ್ಯಾಟಿನಿಗೆ ಹೋಗಿ, ಪೋರ್ಚುಗೀಸಿನಲ್ಲಿ ‘ಇಗ್ರೇಜಾ’ ಆಗಿ, ಗೋವೆಯ ದಾರಿಯಲ್ಲಿ ಕೊಂಕಣಿಗೂ ಕನ್ನಡಕ್ಕೂ ಬಂದು ಇಗರ್ಜಿಯಾಯಿತು. ಅದೇ ಗ್ರೀಕ್ ಪದ ಪೂರ್ವಕ್ಕೆ ಹೋಗಿ ಅರ್ಮೇನಿಯನ್ನಿನಲ್ಲಿ ‘ಯೆಕೆಘೆತ್ಸಿ’ ಆಯಿತು. ಅಂದರೆ ಮಂಗಳೂರಿನ ಇಗರ್ಜಿಯೂ ಹಗ್‌ಪಾತ್‌ನ ಯೆಕೆಘೆತ್ಸಿಯೂ ಒಂದೇ ತಾಯಿಯ ಮಕ್ಕಳು. ‘ಚರ್ಚ್’ ಬೇರೆ ಮೂಲದ್ದು, ‘ಒಡೆಯನದು’ ಎಂಬರ್ಥದ ಇನ್ನೊಂದು ಗ್ರೀಕ್ ಪದದಿಂದ ಬಂದದ್ದು. ಕನ್ನಡ ಬೈಬಲಿನಲ್ಲಿ ‘ಸಭೆ’ ಎಂದು ಅನುವಾದಿಸಿದವರು ಮೂಲದ ಅರ್ಥಕ್ಕೆ ನೇರವಾಗಿ ನಿಂತರು, ಆದರೆ ಅದು ಜನರಿಗೆ ಹೇಳುವ ಮಾತು, ಕಟ್ಟಡಕ್ಕಲ್ಲ. ಮೊದಲ ಪುಟದಲ್ಲಿ ‘ಇಗರ್ಜಿ, ಅಂದರೆ ಚರ್ಚು’ ಎಂದು ಹೇಳಿ ಮುಂದೆಲ್ಲ ಇಗರ್ಜಿ ಎಂದೇ ಬರೆದರೆ ಘಟ್ಟದ ಮೇಲಿನವರಿಗೆ ತೊಡಕಾದೀತೇ?

ಈಗ ಮುಖ್ಯ ಪ್ರಶ್ನೆ, ‘ಗವಿತ್’. ಅರ್ಮೇನಿಯಾದ ಮಠಗಳಲ್ಲಿ ಇಗರ್ಜಿಯ ಪಡುವಣ ಬಾಗಿಲಿಗೆ ತಾಗಿಸಿ ಒಂದು ದೊಡ್ಡ ಚೌಕ ಹಜಾರ ಕಟ್ಟುತ್ತಿದ್ದರು. ಎಷ್ಟೋ ಕಡೆ ಇದು ಇಗರ್ಜಿಗಿಂತಲೂ ವಿಶಾಲ. ಸನಾಹಿನ್‌ನಲ್ಲಿ ಆಮೆನಾಪ್ರ್ಕಿಚ್, ಅಂದರೆ ಸರ್ವರಕ್ಷಕನ ಇಗರ್ಜಿಯ ಮುಂದಿನ ಗವಿತ್ 1181ರದ್ದು. ನಮ್ಮಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಆಳುತ್ತಿದ್ದ ಕಾಲ. ನಡುವೆ ನಾಲ್ಕು ದಪ್ಪ ಕಂಬ. ಕಂಬದಿಂದ ಕಂಬಕ್ಕೂ ಕಂಬದಿಂದ ಗೋಡೆಗೂ ಕಮಾನು. ಹೀಗಾಗಿ ಚಾವಣಿ ಒಂಬತ್ತು ಅಂಕಣಗಳಾಗಿ ಒಡೆಯುತ್ತದೆ. ಈ ನಕ್ಷೆಯನ್ನು ಕಂಡ ಯಾವ ಕನ್ನಡಿಗರ ಬಾಯಲ್ಲೂ ‘ನವರಂಗ’ ಎಂದು ಬರದೆ ಇರದು. ಗರ್ಭಗುಡಿಯ ಮುಂದೆ ನಾಲ್ಕು ಕಂಬ, ಒಂಬತ್ತು ಅಂಕಣ, ನಡು ಅಂಕಣದ ಮೇಲೆ ಭುವನೇಶ್ವರಿ ಎಂಬ ಕೆತ್ತನೆಯ ಚಾವಣಿ. ಹೊಂದಿಕೆ ಎಷ್ಟಿದೆಯೆಂದರೆ ಬೇರೆ ಪದ ಯಾಕೆ ಎನಿಸುತ್ತದೆ.

ಆದರೆ ಮೂರು ಕಡೆ ಅದು ಕೈಕೊಡುತ್ತದೆ. ಭುವನೇಶ್ವರಿ ಮುಚ್ಚಿದ ಚಾವಣಿ. ಗವಿತ್‌ನ ನಡು ಅಂಕಣ ತೆರೆದ ಕಿಂಡಿ, ಅದರಿಂದ ಬೆಳಕಿನ ಕೋಲು ನೆಲಕ್ಕೆ ಇಳಿಯುತ್ತದೆ. ಅರ್ಮೇನಿಯನ್ನಿನಲ್ಲಿ ಅದು ‘ಯೆರ್ದಿಕ್’. ಆ ನಾಡಿನ ಹಳ್ಳಿಮನೆಗಳ ಮಣ್ಣಿನ ಮಾಳಿಗೆಯಲ್ಲಿ ಹೊಗೆ ಹೋಗಲು, ಬೆಳಕು ಬರಲು ಬಿಡುತ್ತಿದ್ದ ತೂತೇ ಕಲ್ಲಿನ ಕಟ್ಟಡಕ್ಕೂ ಬಂತು ಎನ್ನುತ್ತಾರೆ. ಉತ್ತರ ಕರ್ನಾಟಕದ ಮಾಳಿಗೆ ಮನೆಯಲ್ಲಿ ಬೆಳೆದವರು ಇದನ್ನು ನೋಡಿದ ಕೂಡಲೇ ‘ಬೆಳಕಿಂಡಿ’ ಎನ್ನುತ್ತಾರೆ. ನಾನೂ ಅದನ್ನೇ ಇಟ್ಟುಕೊಂಡಿದ್ದೇನೆ. ಎರಡನೆಯದು, ಎಲ್ಲ ಗವಿತ್‌ಗಳಿಗೂ ನಾಲ್ಕು ಕಂಬದ ನಕ್ಷೆಯಿಲ್ಲ. ಹಗ್‌ಪಾತ್‌ನ ದೊಡ್ಡ ಗವಿತ್‌ನಲ್ಲಿ ಜೋಡಿ ಕಮಾನುಗಳು ಒಂದನ್ನೊಂದು ಅಡ್ಡಹಾಯ್ದು ಚಾವಣಿಯ ಭಾರ ಹೊರುತ್ತವೆ. ನಡುವೆ ಹಜಾರ ಖಾಲಿ, ತಲೆಯೆತ್ತಿ ನಿಂತರೆ ಅಷ್ಟು ಕಲ್ಲು ಹೇಗೆ ನಿಂತಿದೆಯೆಂದು ಬೆರಗಾಗುತ್ತದೆ. ಸನಾಹಿನ್‌ನಲ್ಲೇ 1211ರ ಇನ್ನೊಂದು ಗವಿತ್ ಮೂರು ಉದ್ದ ಓಣಿಗಳಂತಿದೆ.

ಮೂರನೆಯದೇ ನನ್ನನ್ನು ತಡೆದದ್ದು. ಗವಿತ್‌ನ ನೆಲದ ತುಂಬ ಸಮಾಧಿಗಳು. ಮಠಾಧಿಪತಿಗಳು, ರಾಜಕುಟುಂಬದವರು, ಕಾಣಿಕೆ ಕೊಟ್ಟ ಸಿರಿವಂತರು ಅಲ್ಲೇ ಮಲಗಿದ್ದಾರೆ. ಅದೇ ಹಜಾರದಲ್ಲಿ ನ್ಯಾಯ ನಡೆಯುತ್ತಿತ್ತು, ಸಭೆ ಸೇರುತ್ತಿತ್ತು. ದೇವರ ಎದುರಿನ ನವರಂಗದಲ್ಲಿ ಹೆಣ ಹೂಳುವುದನ್ನು ನಮ್ಮವರು ಊಹಿಸಲಾರರು. ವೀರಶೈವ ಮಠಗಳಲ್ಲಿ ಗದ್ದುಗೆಯಿದೆ ನಿಜ, ಆದರೆ ಗದ್ದುಗೆಗೆ ಪೂಜೆಯುಂಟು, ಅದನ್ನು ಮೆಟ್ಟುವಂತಿಲ್ಲ. ಹೀಗಾಗಿ ‘ಗದ್ದುಗೆ ಮಂಟಪ’ವೂ ಆಗದು. ‘ಮುಖಮಂಟಪ’ ಎಂದರೆ ಜಾಗದ ಗುರುತು ಸಿಗುತ್ತದೆ, ಆದರೆ ನಾಲ್ಕೂ ಕಡೆ ಗೋಡೆಯಿರುವ, ಅರೆಗತ್ತಲೆಯ ಹಜಾರದ ಚಿತ್ರ ಬರುವುದಿಲ್ಲ.

ಹಾಗಾದರೆ ‘ಗವಿತ್’ ಎಂದೇ ಬಿಡೋಣವೆಂದರೆ ಅಲ್ಲೂ ಒಂದು ಕೊಕ್ಕೆ. ಕನ್ನಡದ ಕಿವಿಗೆ ಅದು ‘ಗವಿ’. ಯೆರೆವಾನ್‌ಗೆ ಹತ್ತಿರದ ಗೆಘಾರ್ದ್ ಮಠದಲ್ಲಿ ಬೆಟ್ಟದ ಬಂಡೆಯನ್ನೇ ಕೊರೆದು ಮಾಡಿದ ಹಜಾರಗಳಿವೆ. ಆ ಮಠದ ಹಳೆಯ ಹೆಸರು ಐರಿವಾಂಕ್, ನೇರವಾಗಿ ಗವಿಮಠ. ಅಲ್ಲಿ ಗವಿತ್ ಎಂದರೆ ಗವಿಯೆಂದೇ ಎಲ್ಲರೂ ತಿಳಿಯುತ್ತಾರೆ, ಹಗ್‌ಪಾತ್‌ಗೆ ಬಂದು ಗವಿ ಎಲ್ಲಿ ಎಂದು ಕೇಳುತ್ತಾರೆ. ಇದೇ ಬಗೆಯ ಹಜಾರಕ್ಕೆ ಅರ್ಮೇನಿಯನ್ನಿನಲ್ಲಿ ‘ಝಾಮಾತುನ್’ ಎಂಬ ಇನ್ನೊಂದು ಹೆಸರಿದೆ. ‘ಝಾಮ್’ ಎಂದರೆ ಹೊತ್ತು, ಆಯಾ ಹೊತ್ತಿನ ಪ್ರಾರ್ಥನೆ. ‘ತುನ್’ ಎಂದರೆ ಮನೆ. ಪ್ರಾರ್ಥನೆಯ ಮನೆ. ಸದ್ಯಕ್ಕೆ ನಾನು ‘ಗವಿತ್ ಹಜಾರ’ ಎಂದು ಬರೆದು, ಪಕ್ಕದಲ್ಲಿ ‘ನಮ್ಮ ನವರಂಗದ ನಕ್ಷೆ, ಬೆಳಕಿಂಡಿಯ ಮಾಳಿಗೆ, ನೆಲದಲ್ಲಿ ಸಮಾಧಿ’ ಎಂದು ಬಿಡಿಸಿ ಹೇಳಿದ್ದೇನೆ. ಪೂರ್ತಿ ತೃಪ್ತಿಯಿಲ್ಲ. ಇದಕ್ಕಿಂತ ಒಳ್ಳೆಯದು ಹೊಳೆದರೆ ದಯವಿಟ್ಟು ತಿಳಿಸಿ.

‘ಬಲಿಪೀಠ’ದ ತೊಡಕು ಬೇರೆ ಬಗೆಯದು. ಕನ್ನಡ ಕ್ಯಾಥೊಲಿಕರಲ್ಲಿ ಅದು ಇಗರ್ಜಿಯ ಒಳಗಿನ ಅತಿ ಪವಿತ್ರ ಜಾಗ. ಹಿಂದೂ ಓದುಗರಿಗೆ ಅದು ದೇವಸ್ಥಾನದ ಹೊರಗೆ, ಧ್ವಜಸ್ತಂಭದ ಹತ್ತಿರದ ಕಲ್ಲು. ‘ಬಲಿಪೀಠದ ಕಡೆ ನೋಡಿ’ ಎಂದು ಬರೆದರೆ ಅರ್ಧ ಜನ ಅಂಗಳಕ್ಕೆ ತಿರುಗುತ್ತಾರೆ. ಹಳೆಯ ಬೈಬಲ್ ಅನುವಾದದ ‘ಯಜ್ಞವೇದಿ’ ಇನ್ನೂ ದೂರ, ಬೆಂಕಿ ಕೇಳುತ್ತದೆ. ಗರ್ಭಗುಡಿ ಎನ್ನಲು ಮನಸ್ಸಿಲ್ಲ, ಒಳಗೆ ನೆಲೆನಿಂತ ಮೂರ್ತಿ ಅಲ್ಲಿಲ್ಲ. ಅರ್ಮೇನಿಯನ್ ಇಗರ್ಜಿಯಲ್ಲಿ ಈ ಭಾಗ ಸೊಂಟದೆತ್ತರದ ವೇದಿಕೆ, ಮುಂದೆ ಎಳೆಯುವ ತೆರೆ. ಈಸ್ಟರ್ ಹಬ್ಬದ ಮುಂಚಿನ ಉಪವಾಸದ ದಿನಗಳಲ್ಲಿ ತೆರೆ ಮುಚ್ಚಿಯೇ ಇರುತ್ತದೆ. ಬೆಂಗಳೂರಿನ ಮಲಯಾಳಿ ಆರ್ಥಡಾಕ್ಸ್ ಚರ್ಚುಗಳಿಗೆ ಹೋದವರು ಇಂಥ ತೆರೆಯನ್ನು ಕಂಡಿರುತ್ತಾರೆ. ಎರಡೂ ಒಂದೇ ಪೂರ್ವದ ಬಳಗಕ್ಕೆ ಸೇರಿದ ಸಭೆಗಳು. ‘ದೇವರಿಗೆ ತೆರೆ ಹಾಕಿದ್ದಾರೆ’ ಎಂಬ ಮಾತು ನಮ್ಮ ಗುಡಿಗಳಲ್ಲೂ ದಿನನಿತ್ಯದ್ದು, ಹಾಗಾಗಿ ‘ತೆರೆ’ ಸಲೀಸು. ಪೀಠಕ್ಕೆ ‘ಪೂಜಾವೇದಿಕೆ’ ಎಂದಿಟ್ಟಿದ್ದೇನೆ. ಕ್ರೈಸ್ತ ಸದಸ್ಯರು ಇದನ್ನು ಒಪ್ಪುತ್ತೀರಾ? ನಿಮಗೆ ಕಿವಿಗೆ ಚುಚ್ಚುವುದಾದರೆ ಬದಲಿಸುತ್ತೇನೆ.

ಗುಮ್ಮಟ, ಶಿಖರಗಳಲ್ಲಿ ನನಗೆ ಅನುಮಾನವಿಲ್ಲ. ಒಳಗಿನಿಂದ ನೋಡಿದರೆ ಗುಮ್ಮಟ, ಹೊರಗಿನಿಂದ ಶಂಕುವಿನಾಕಾರದ ಚೂಪು ಶಿಖರ. ಬರೀ ಗುಮ್ಮಟ ಎಂದರೆ ವಿಜಯಪುರದ ಗೋಲಗುಮ್ಮಟ ಕಣ್ಣಿಗೆ ಕಟ್ಟುತ್ತದೆ, ಅದಕ್ಕೇ ಎರಡೂ ಬೇಕು. ಅಖ್ತಾಲಾದ ಗೋಡೆಗಳ ತುಂಬ ಇರುವ 13ನೆಯ ಶತಮಾನದ ಬಣ್ಣಗಳಿಗೆ ‘ಭಿತ್ತಿಚಿತ್ರ’ ಸಾಕು.

‘ಖಾಚ್‌ಕಾರ್’ ಬಗ್ಗೆ ಬರೆಯುವಾಗ ನಿಜಕ್ಕೂ ಸಂತೋಷವಾಯಿತು. ‘ಖಾಚ್’ ಎಂದರೆ ಶಿಲುಬೆ, ‘ಕಾರ್’ ಎಂದರೆ ಕಲ್ಲು. ಆಳೆತ್ತರದ ಚಪ್ಪಡಿಯ ಮೇಲೆ ನಡುವೆ ಶಿಲುಬೆ, ಸುತ್ತ ಕಸೂತಿಯಂಥ ಬಳ್ಳಿ ಹೆಣಿಗೆ. ಸತ್ತವರ ಆತ್ಮಕ್ಕಾಗಿ, ಗೆದ್ದ ಯುದ್ಧಕ್ಕಾಗಿ, ಕಟ್ಟಿ ಮುಗಿಸಿದ ಇಗರ್ಜಿಗಾಗಿ ನಿಲ್ಲಿಸುತ್ತಿದ್ದರು. ಈ ಕೆತ್ತನೆಯ ಕಲೆಯನ್ನು 2010ರಲ್ಲಿ ಯುನೆಸ್ಕೊ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ವೀರಗಲ್ಲು, ಮಾಸ್ತಿಗಲ್ಲು, ನಿಸಿದಿಗಲ್ಲು ಇರುವ ನುಡಿಗೆ ‘ಶಿಲುಬೆಗಲ್ಲು’ ಸಹಜವಾಗಿ ಬಂದು ಕೂಡುತ್ತದೆ. ಶಿಲುಬೆ ಎಂಬ ಪದವೂ ಪೋರ್ಚುಗೀಸರಿಂದ ಬಂದದ್ದಲ್ಲ, ಪೂರ್ವದ ಕ್ರೈಸ್ತರ ಸಿರಿಯಾಕ್ ನುಡಿಯ ‘ಸ್ಲೀಬಾ’ದಿಂದ ಬಂದದ್ದು. ತಮಿಳಿನ ಸಿಲುವೈ ಅದರ ಒಡಹುಟ್ಟು. ಹಗ್‌ಪಾತ್‌ನಲ್ಲಿ ವಹ್ರಾಮ್ ಎಂಬ ಶಿಲ್ಪಿ 1273ರಲ್ಲಿ ಕಡೆದ ಶಿಲುಬೆಗಲ್ಲನ್ನು ಯಾರೂ ತಪ್ಪಿಸಿಕೊಳ್ಳಬಾರದು. ಸಾಮಾನ್ಯವಾಗಿ ಈ ಕಲ್ಲುಗಳಲ್ಲಿ ಮನುಷ್ಯರೂಪ ಇರುವುದಿಲ್ಲ, ಇದರಲ್ಲಿ ಶಿಲುಬೆಗೇರಿದ ಕ್ರಿಸ್ತನೇ ಇದ್ದಾನೆ. ಇಲ್ಲಿ ‘ಕೆತ್ತಿದ’ ಎನ್ನುವುದಕ್ಕಿಂತ ‘ಕಡೆದ’ ಒಳ್ಳೆಯದೆಂದು ನನಗನಿಸಿತು. ಶಿಲ್ಪದ ಕೆಲಸ ಬಲ್ಲವರು ಹೇಳಬೇಕು.

ಕೊನೆಯದು ಪದಕ್ಕಿಂತ ಹೆಚ್ಚಾಗಿ ಬಳಕೆಯ ಪ್ರಶ್ನೆ. ಗವಿತ್‌ನಲ್ಲಿ ಸಮಾಧಿಯ ಚಪ್ಪಡಿಗಳನ್ನು ದಾಟದೆ ಇಗರ್ಜಿಯ ಬಾಗಿಲು ಸೇರಲಾಗದು. ಅಲ್ಲಿ ಮಲಗಿದವರು ತಮ್ಮ ಮೇಲೆ ಜನ ಹೆಜ್ಜೆಯಿಟ್ಟು ಹೋಗಲೆಂದು ತಾವೇ ಬಯಸಿದ್ದರು, ಅದು ಅವರ ವಿನಯ ಎಂದು ಗೈಡ್‌ಗಳು ಹೇಳುತ್ತಾರೆ. ನಮ್ಮ ಹಿರಿಯರು ಖಂಡಿತ ಹಿಂದೆ ಸರಿಯುತ್ತಾರೆ. ‘ತುಳಿಯಬಹುದು’ ಎಂದು ಬರೆಯಲು ಕೈ ಬರುವುದಿಲ್ಲ, ‘ಮೆಟ್ಟಬಹುದು’ ಇನ್ನೂ ಒರಟು. ‘ಕಲ್ಲುಗಳ ಮೇಲೆ ಹಾದುಹೋಗಬಹುದು, ಅದು ಅವರದೇ ಇಚ್ಛೆ’ ಎಂದು ಬರೆದಿದ್ದೇನೆ. ‘ಹಾದುಹೋಗು’ ಎಂದರೆ ಪಕ್ಕದಲ್ಲಿ ಹೋಗುವುದೆಂದು ಯಾರಾದರೂ ತಿಳಿದಾರೆಯೇ? ‘ಹೆಜ್ಜೆಯಿಡು’ ಮೇಲೇ? ನಿಮ್ಮ ಊರಿನ ಹಿರಿಯರಿಗೆ ನೀವು ಹೇಗೆ ಹೇಳುತ್ತೀರಿ ಎಂದು ಬರೆದು ತಿಳಿಸಿದರೆ ಕೈಪಿಡಿಯಲ್ಲಿ ಅದನ್ನೇ ಹಾಕುತ್ತೇನೆ. ಬರುವ ವಾರ ಅಚ್ಚಿಗೆ ಕೊಡಬೇಕು.