‘ರಿಇಟರೇಟ್’ಗೆ ‘ಪುನರುಚ್ಚರಿಸು’ ಒಂದೇ ಗತಿಯೇ?

ಎಲ್ಲರಿಗೂ ನಮಸ್ಕಾರ.

ಮಲ್ಪೆಯ ಮೀನುಗಾರರಿಗೆಂದು ಬರೆದ ಇಂಗ್ಲಿಷ್ ಸೂಚನೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಎಲ್ಲರಿಗೂ ಗೊತ್ತಿರುವುದೇ: ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಸೂಚನೆ ಶುರುವಾಗುವುದೇ ‘ವಿ ರಿಇಟರೇಟ್’ ಅಂತ. ಪೇಪರಿನವರಾದರೆ ಕಣ್ಣು ಮುಚ್ಚಿ ‘ಪುನರುಚ್ಚರಿಸುತ್ತೇವೆ’ ಎಂದು ಬರೆದುಬಿಡುತ್ತಾರೆ. ನನಗೆ ಅದು ಹಿಡಿಸುತ್ತಿಲ್ಲ. ಉಚ್ಚಾರ ಬಾಯಿಯ ಕೆಲಸ. ಗೋಡೆಗೆ ಅಂಟಿಸಿದ ಕಾಗದ ಏನನ್ನು ಉಚ್ಚರಿಸೀತು? ಬಂದರಿನಲ್ಲಿ ಬಲೆ ಸರಿಮಾಡುತ್ತಾ ಕೂತವರು ‘ಇದೆಂಥದು ಮಾರಾಯ್ರೆ’ ಅಂತ ಕೇಳಿಯಾರು.

ಹಾಗಂತ ಇದು ಬರೀ ‘ರಿಪೀಟ್’ ಕೂಡ ಅಲ್ಲ. ರಿಪೀಟ್‌ಗೆ ಮಡಿ ಮೈಲಿಗೆ ಇಲ್ಲ. ತಪ್ಪು, ಪರೀಕ್ಷೆ, ಟಿವಿ ಸೀರಿಯಲ್, ಬೇರೆಯವರ ಮಾತು, ಯಾವುದಕ್ಕೂ ಸೈ. ರಿಇಟರೇಟ್ ಹೆಚ್ಚಾಗಿ ಮಾತಿಗೆ, ಅದೂ ತನ್ನದೇ ಮಾತಿಗೆ: ಬೇಡಿಕೆ, ನಿಲುವು, ಎಚ್ಚರಿಕೆ. ಹಿಂದೆಯೇ ಹೇಳಿದ್ದೇವೆ, ಈಗಲೂ ಅದೇ ಮಾತು ಎಂಬ ಬಿಗಿ ಅದರಲ್ಲಿದೆ. ಭಾಗವತರು ಕುಣಿತಕ್ಕೆಂದು ಪದದ ಸಾಲನ್ನು ಮತ್ತೆ ಹಾಡಿದರೆ ರಿಪೀಟ್. ತಾಳಮದ್ದಳೆಯ ಕೃಷ್ಣ ಸಂಧಾನದಲ್ಲಿ ‘ಐದು ಊರಾದರೂ ಕೊಡು’ ಎಂದು ಪಟ್ಟು ಬಿಡದೆ ಮತ್ತೆ ಕೇಳಿದರೆ ರಿಇಟರೇಟ್.

ಆದ್ದರಿಂದ ಕೇಳಿಸದಿದ್ದಾಗ ‘ಪ್ಲೀಸ್ ರಿಇಟರೇಟ್’ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಮಂಗಳೂರಿನ ಆಫೀಸುಗಳ ಫೋನ್ ಮೀಟಿಂಗ್‌ಗಳಲ್ಲಿ ಇದನ್ನು ಕೇಳಿ ಕೇಳಿ ಸಾಕಾಗಿದೆ. ‘ರಿಇಟರೇಟ್ ಅಗೈನ್’ ಬಗ್ಗೆ ಮಾತೇ ಬೇಡ.

ಹಡಗಿನವರ ರೂಢಿ ಬೇರೆಯೇ ಉಂಟು. ಪಣಂಬೂರಿಗೆ ಬರುವ ಹಡಗಾಗಲಿ, ಬೇರೆಲ್ಲಿಯದಾಗಲಿ, ರೇಡಿಯೋದಲ್ಲಿ ಕೇಳಿಸದಿದ್ದರೆ ಹೇಳಬೇಕಾದದ್ದು ‘ಸೇ ಅಗೈನ್’. ‘ರಿಪೀಟ್’ ಅನ್ನುವುದು ತಾನೇ ಹೇಳಿದ ಮುಖ್ಯ ಅಂಕಿಯನ್ನು ಇನ್ನೊಮ್ಮೆ ಹೇಳುವ ಮುಂಚೆ. ಅಂದರೆ ಕಡಲಲ್ಲಿ ರಿಇಟರೇಟ್‌ನ ಕೆಲಸವನ್ನು ರಿಪೀಟೇ ಮಾಡುತ್ತದೆ! ಸೈನ್ಯದ ಫಿರಂಗಿ ದಳಗಳಲ್ಲಂತೂ ‘ರಿಪೀಟ್’ ಎಂದರೆ ಅದೇ ಗುರಿಗೆ ಮತ್ತೆ ಗುಂಡು ಹಾರಿಸು ಅಂತ. ಅಲ್ಲಿ ಸುಮ್ನೆ ಬಾಯಿ ಬಿಡುವ ಹಾಗಿಲ್ಲ.

ಇನ್ನು ‘ರಿ’ ಕಳಚಿದ ‘ಇಟರೇಟ್’. ಲ್ಯಾಟಿನ್‌ನಲ್ಲಿ ‘ಇಟೆರುಮ್’ ಅಂದರೇನೇ ‘ಮತ್ತೆ’. ನಮ್ಮ ‘ಇತರ’ಕ್ಕೂ ಅದಕ್ಕೂ ನೆಂಟಸ್ತಿಕೆ ಇದೆ. ಹಾಗಾಗಿ ಮುಂದಿನ ‘ರಿ’ ಮೂಲದಲ್ಲಿ ಹೆಚ್ಚುವರಿ. ಆದರೆ ಈಗ ದಾರಿ ಬೇರೆಯಾಗಿದೆ. ಸಾಫ್ಟ್‌ವೇರ್‌ನವರು ಇಟರೇಟ್ ಮಾಡುವುದು ಸುತ್ತು ಸುತ್ತಾಗಿ ತಿದ್ದಿ ಸುಧಾರಿಸಲು. ರಿಇಟರೇಟ್ ಮಾಡುವವರು ಮಾತು ಬದಲಿಸುವಂತಿಲ್ಲ.

ನನ್ನ ಸೂಚನೆಗೆ ಏನು ಬರೆಯಲಿ? ‘ಒತ್ತಿ ಹೇಳುತ್ತೇವೆ’ಯಲ್ಲಿ ‘ಮತ್ತೆ’ ಇಲ್ಲ. ‘ಮತ್ತೊಮ್ಮೆ ತಿಳಿಸುತ್ತೇವೆ’ ತೀರಾ ಮೆತ್ತಗೆ. ‘ಮತ್ತೆ ಮತ್ತೆ ಹೇಳುತ್ತೇವೆ’ ಅಂದರೆ ಗದರಿದ ಹಾಗೆ. ಸದ್ಯಕ್ಕೆ ‘ಮೊದಲೇ ಹೇಳಿದ್ದೇವೆ, ಈಗಲೂ ಅದನ್ನೇ ಹೇಳುತ್ತಿದ್ದೇವೆ’ ಎಂದು ಇಟ್ಟಿದ್ದೇನೆ. ಅರ್ಥ ಸರಿ, ಉದ್ದ ಜಾಸ್ತಿ. ಒಂದೇ ಕ್ರಿಯಾಪದದಲ್ಲಿ ಮುಗಿಸುವ ಮಾತು ಕುಂದಾಪುರ, ಬ್ರಹ್ಮಾವರದ ಕಡೆ ಬಳಕೆಯಲ್ಲಿ ಉಂಟಾ? ಇದ್ದರೆ ತಿಳಿಸಿ. ಮೇ ಮುಗಿಯುವುದರೊಳಗೆ ಇದು ಅಚ್ಚಾಗಬೇಕು.