ಸಹಾಯ ಬೇಕು: ಕತ್ತಲೆಗೆ ಹೆದರುವ ಮಗುವನ್ನು ಮಂಗಳೂರಿನ ಪಿಲಿಕುಳ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೀರಾ?

ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಉಡುಪಿಯಿಂದ ಮಗಳನ್ನು ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ. ಅವಳಿಗೆ ಆರು ವರ್ಷ. ಏಪ್ರಿಲ್ ಕೊನೆಯ ವಾರ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವ ದಿನ, ಮಧ್ಯಾಹ್ನ 12.30ರ ಹೊತ್ತಿಗೆ ಅಂಗಳದಲ್ಲಿ ನೆಟ್ಟ ಕೋಲಿನ ನೆರಳೇ ಕಾಣೆಯಾದದ್ದನ್ನು ತೋರಿಸಿದ್ದೆ, ಆವತ್ತಿನಿಂದ ದಿನಾ ಸೂರ್ಯ, ಚಂದ್ರ, ನಕ್ಷತ್ರದ್ದೇ ಪ್ರಶ್ನೆ. ನನಗೆ ಗೊತ್ತಿರುವುದೆಲ್ಲ ಮುಗಿಯಿತು!

ಹಾಗಾಗಿ ಅಲ್ಲಿನ ಸ್ವಾಮಿ ವಿವೇಕಾನಂದ ತಾರಾಲಯ ತೋರಿಸಲೇಬೇಕು ಅಂತ ಆಸೆ. ಆದರೆ ಅವಳಿಗೆ ಕತ್ತಲೆ, ದೊಡ್ಡ ಶಬ್ದ ಎರಡೂ ಭಯ. ಹೋದ ವರ್ಷ ಸಿನಿಮಾಕ್ಕೆ ಹೋದಾಗ ದೀಪ ಆರಿಸಿದ ಕೂಡಲೇ ಜೋರಾಗಿ ಅತ್ತು ಹೊರಗೆ ಬರಬೇಕಾಯಿತು, ಪಾಪ.

ಇಷ್ಟು ಚಿಕ್ಕ ಮಕ್ಕಳ ಜೊತೆ ಹೋದವರು ದಯವಿಟ್ಟು ಹೇಳಿ. ಶೋ ಮಧ್ಯದಲ್ಲಿ ಎದ್ದು ಬರಲು ಬಿಡುತ್ತಾರಾ? ತ್ರೀಡಿ ಕನ್ನಡಕ ಮಕ್ಕಳ ಮುಖಕ್ಕೆ ನಿಲ್ಲುತ್ತದಾ? ಮೊದಲು ಕೈಯಲ್ಲಿ ಮುಟ್ಟಿ ಆಡುವ ವಿಜ್ಞಾನದ ಮಾದರಿಗಳನ್ನು ತೋರಿಸಿ ಆಮೇಲೆ ತಾರಾಲಯಕ್ಕೆ ಹೋದರೆ ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಸರಿ ಅಲ್ವಾ? ಪ್ರಾಣಿ ಸಂಗ್ರಹಾಲಯ ಅದೇ ದಿನ ಬೇಡ, ಜಾಸ್ತಿ ನಡೆದರೆ ಸುಸ್ತಾಗುತ್ತಾಳೆ. ನಾವು ಬಸ್ಸಿನಲ್ಲೇ ಬರುವುದು, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಪಿಲಿಕುಳದ ಬಸ್ ಹತ್ತುವುದು ಸುಲಭವಾ ಅಂತಲೂ ತಿಳಿಸಿ.